ಮೂಗಿನ ಅಕ್ಷರಾಭ್ಯಾಸ

ಯಾವಾಗ ಶುರು ಮಾಡಬೇಕು ಅಂತ ಕೇಳಿದೆಯಲ್ಲ, ಲೋರಿಸ್,
ನೀನು ಕೇಳುವ ಹೊತ್ತಿಗೇ ತಡವಾಗಿತ್ತು.
ಇದಕ್ಕಿನ್ನೂ ಕಣ್ಣೊಡೆದಿರಲಿಲ್ಲ,
ಸ್ರೆಚ್ಕೊನ ಕೊಟ್ಟಿಗೆಗೆ ದಿನಾ ಹೋಗಿ
ತಾಯಿಯ ಮೊಲೆಗೆ ಟ್ರಫಲ್ ಚೂರು ತಿಕ್ಕಿ ಬರುತ್ತಿದ್ದೆ.
ಚೂರೆಂದರೆ ಉಗುರಿನಷ್ಟು. ಮಾರಿದ್ದರೆ
ಎರಡು ದಿನದ ಸೌದೆ ಬರುತ್ತಿತ್ತು.
ಹಾಲೆಂದರೆ ಆ ವಾಸನೆ,
ಆ ವಾಸನೆಯೆಂದರೆ ಅಮ್ಮ.
ಅಷ್ಟು ತಿದ್ದಿಸಿದರೆ ಮೂಗಿನ ಅಕ್ಷರಾಭ್ಯಾಸ ಮುಗಿಯಿತು.
ಮಿಕ್ಕಿದ್ದೆಲ್ಲ ಕಾಗುಣಿತ.

ಎಂಟು ತುಂಬಿದ ವಾರ ಮನೆಗೆ ತಂದೆ.
ಮೊದಲ ರಾತ್ರಿ ಅತ್ತಿತು. ಅಳುವುದಕ್ಕೆ ಪಾಠವಿಲ್ಲ.
ಪೆಟ್ಟಿಗೆಯೊಳಗೆ ಒಂದು ಕೈ ಇಳಿಬಿಟ್ಟು
ನೆಲದ ಮೇಲೇ ಮಲಗಿದೆ.
ನನ್ನ ಸೊಂಟಕ್ಕೆ ಅರವತ್ತೆರಡು ವರ್ಷ,
ಅದು ಪಿಕಾಗೆ ಹೇಗೆ ಗೊತ್ತಾಗಬೇಕು.

ಪಿಕಾ ಅಂದರೆ ಚುಕ್ಕೆ. ಎಡಗಿವಿಯ ಮೇಲಿದೆ ನೋಡು.
ಹೆಸರು ಕರೆದಾಗೆಲ್ಲ ಏನಾದರೊಂದು ಸಿಗಬೇಕು,
ಚೀಸಿನ ಪುಡಿಯೋ, ಕತ್ತಿನಡಿ ಒಂದು ತುರಿಕೆಯೋ.
ಬೈಯುವಾಗ ಮಾತ್ರ ಹೆಸರು ಹಿಡಿಯಬೇಡ.
ನನ್ನಪ್ಪ ನನ್ನ ಹೆಸರನ್ನು ಅದೊಂದಕ್ಕೇ ಇಟ್ಟುಕೊಂಡಿದ್ದ;
ನೇವಿಯಾ ಅಂತ ಯಾರಾದರೂ ಕೂಗಿದರೆ
ಈಗಲೂ ನನ್ನ ಕಣ್ಣು ಮೊದಲು ಬಾಗಿಲು ಹುಡುಕುತ್ತದೆ.

ಉಚ್ಚೆ ಹೊಯ್ದರೆ ಒರೆಸು, ಅಷ್ಟೆ.
ಕತ್ತು ಹಿಡಿದು ಮೂಗನ್ನು ಅದಕ್ಕೆ ತಿಕ್ಕುವವರಿದ್ದಾರೆ.
ಆ ಮೂಗು ನಾಳೆ ನಿನಗೆ ಅನ್ನ ಹಾಕಬೇಕು, ಮಾರಾಯ.

ಹತ್ತನೇ ವಾರಕ್ಕೆ ಹಳೇ ಕಾಲುಚೀಲ,
ಒಳಗೊಂದು ಚೂರು, ಬಾಯಿಗೆ ಗಂಟು.
ಕುರ್ಚಿಯ ಕೆಳಗೆ ಬಚ್ಚಿಡು. ಆಮೇಲೆ ತರಗೆಲೆಯೊಳಗೆ.
ಆಮೇಲೆ ಎರಡು ಬೆರಳು ಮಣ್ಣಿನಡಿ.
ಒಂದು ಮೊಟ್ಟೆ ಬೇಯುವಷ್ಟು ಹೊತ್ತು ಸಾಕು,
ಅದಕ್ಕೆ ಇನ್ನೂ ಬೇಕೆನಿಸುವಾಗಲೇ ನಿಲ್ಲಿಸಿಬಿಡು.
ಸಿಕ್ಕಿದ್ದನ್ನು ಬಾಯಿಂದ ಕಿತ್ತುಕೊಳ್ಳಬೇಡ. ವ್ಯಾಪಾರ ಮಾಡು.
ಚೀಸ್ ತೋರಿಸು, ಹಲ್ಲು ತಾನೇ ಸಡಿಲವಾಗುತ್ತದೆ.
ಬುಝೆಟ್‌ನ ದಲ್ಲಾಳಿ ನಮ್ಮೊಡನೆ ಮಾಡುವುದೂ ಇದನ್ನೇ,
ಅವನ ಚೀಸ್ ಮಾತ್ರ ಇನ್ನೂ ಸಣ್ಣದು.

ಇನ್ನೊಂದು ಪಾಠವಿದೆ.
ಗಾರಾಳಿಗೆ ನಾನದನ್ನು ಕಲಿಸಿರಲಿಲ್ಲ.
ಯಾರು ಕೊಟ್ಟರೂ ಬಾಲವಾಡಿಸಿ ತಿನ್ನುತ್ತಿದ್ದಳು,
ಅದನ್ನೇ ನಾನು ಒಳ್ಳೆಯ ನಡತೆ ಅಂದುಕೊಂಡಿದ್ದೆ.
ಮಿರ್ನಾ ಹೊಳೆಯ ಬದಿ, ಓಕ್ ಮರದ ಬುಡದಲ್ಲಿ
ಒಂದು ಸಾಸೇಜ್ ತುಂಡು.
ಹೆಗಲ ಮೇಲೆ ಹೊತ್ತು ರಸ್ತೆಯವರೆಗೆ ನಡೆದೆ,
ರಸ್ತೆ ಬರುವಷ್ಟರಲ್ಲಿ ಭಾರ ಬೇರೆಯಾಗಿತ್ತು.
ಆ ನವೆಂಬರಿನಲ್ಲಿ ಯಾರ್ಯಾರ ನಾಯಿ ಸತ್ತವು,
ಯಾರದು ಸಾಯಲಿಲ್ಲ, ಊರಿಗೆ ಗೊತ್ತು.
ಊರು ತಲೆ ತಗ್ಗಿಸಿ ಆಲಿವ್ ಬಿಡಿಸುತ್ತಿತ್ತು.
ನಿನ್ನ ದೊಡ್ಡಪ್ಪನೂ ಬಂದಿದ್ದ, ಟೋಪಿ ತೆಗೆದು ನಿಂತ,
ಅವನ ಎರಡೂ ನಾಯಿಗಳು ಗೇಟಿನಾಚೆ
ಒಂದರ ಕಿವಿ ಒಂದು ಕಚ್ಚಿ ಆಡುತ್ತಿದ್ದವು.

ಹಾಗಾಗಿ ಕಲಿಸಬೇಕು, ಪಿಕಾಗೆ.
ನೆಲದಲ್ಲಿ ಬಿದ್ದದ್ದು ಊಟವಲ್ಲ,
ಪರರ ಕೈ ಕೈಯಲ್ಲ.
ಅದಕ್ಕೊಬ್ಬ ಅಪರಿಚಿತ ಬೇಕು, ಮಾಂಸದ ತುಂಡು ಬೇಕು,
ಅದು ಬಾಯಿ ಹಾಕುವ ಗಳಿಗೆಗೆ ಸರಿಯಾಗಿ
ನಾನು ತಗಡಿನ ಡಬ್ಬಿ ಅಪ್ಪಳಿಸಬೇಕು.
ಯಾವಾಗ ಶುರು, ಇದೊಂದನ್ನು ನನ್ನ ಕೇಳಬೇಡ.
ಹೋದ ಸೋಮವಾರ ಅಂದುಕೊಂಡೆ, ಮಳೆ ಬಂತು.
ಗುರುವಾರ ಮಳೆ ಬರಲಿಲ್ಲ.
ಡಬ್ಬಿ ಹುಡುಕಿ ತೆಗೆದೆ, ತೊಳೆದೆ,
ಅದರಲ್ಲಿ ಉಪ್ಪು ತುಂಬಿಸಿಟ್ಟೆ.

ನಾಳೆ ನೀನೇ ಅಪರಿಚಿತನಾಗಿ ಬಾ.
ಬೇರೆ ಕೋಟು ಹಾಕಿಕೊ, ಜೇಬಿನಲ್ಲಿ ಹ್ಯಾಮ್ ಇರಲಿ,
ನನ್ನ ಮುಖ ನೋಡಬೇಡ.
ಇವತ್ತು ನಿನ್ನ ಬೆರಳಿಗೆ ಬೇಕರಿಯ ಬೆಣ್ಣೆ ಅಂಟಿದೆ,
ಇವಳಾಗಲೇ ಕಂಡುಹಿಡಿದಾಗಿದೆ.
ಕೈ ಹಿಂದಕ್ಕೆಳೆಯಬೇಡ, ಲೋರಿಸ್.
ನೆಕ್ಕಲಿ.